ಸೆರಗಿನ ಗಂಟಿನ ಉಪ್ಪು

ಆಗದು ಎಂದು ಮೊದಲು ಹೇಳಿದವನು ಆಗರದ ಒಡೆಯ. ಉಪ್ಪಿನ ಗದ್ದೆಯ ಬದುವಿನ ಮೇಲೆ ಕೊಡೆ ಹಿಡಿದು ನಿಂತವನು ಹುಡುಗಿಯ ಕೈಯಲ್ಲಿದ್ದ ಹರಿದ ಪುಸ್ತಕವನ್ನು ನೋಡಿದ, ಆಮೇಲೆ ಅವಳ ಪಾದಗಳನ್ನು ನೋಡಿದ, ನೋಡಿ ನಕ್ಕ. "ಉಪ್ಪುನೀರಲ್ಲಿ ಒಡೆದ ಕಾಲು ಕೂಸೇ ಇದು. ಓದಿನ ಊರಿನ ಮೆಟ್ಟಿಲು ಹತ್ತೋ ಕಾಲಲ್ಲ. ಸುಮ್ಮನೆ ಹಲಗೆ ಹಿಡಿ, ಉಪ್ಪು ಎಳಿ."

ಎರಡನೆಯವನು ಸೋದರಮಾವ. ಅವನು ನಗಲಿಲ್ಲ. "ಒಂದು ಮಳೆಗಾಲ. ಎರಡನೇ ಮಳೆಗಾಲಕ್ಕೆ ಈ ಬಾಗಿಲಿಗೇ ಬಂದು ನಿಲ್ತದೆ. ಬೇಕಾದ್ರೆ ಬರೆದು ಕೊಡ್ತೆ" ಅಂದ. ಬರೆದು ಕೊಡಲು ಅವನಿಗೆ ಅಕ್ಷರ ಬರುತ್ತಿರಲಿಲ್ಲ. ಆ ಮನೆಯಲ್ಲಿ ಅಕ್ಷರ ಬರುತ್ತಿದ್ದುದು ಅವಳೊಬ್ಬಳಿಗೆ. ಉಪ್ಪಿನ ಚೀಲಗಳ ಮೇಲಿನ ಮುದ್ರೆ ನೋಡಿ, ಅಂಬಿಗ ತರುತ್ತಿದ್ದ ಪೊಟ್ಟಣಗಳ ಕಾಗದ ಬಿಡಿಸಿ ಬಿಡಿಸಿ, ಯಾರೂ ಕಲಿಸದೆ ಕಲಿತದ್ದು.

ಅಮ್ಮ ಆಗದು ಎನ್ನಲಿಲ್ಲ. ಆದೀತು ಎಂದೂ ಅನ್ನಲಿಲ್ಲ. ಬಿಸಿಲು ಬಲಿತ ಮೊದಲ ವಾರ, ಗಾಳಿ ಏಳುವುದಕ್ಕೆ ಮುಂಚೆ, ಗದ್ದೆಯ ನೀರಿನ ಮೇಲೆ ಹೂವಿನ ಹಾಗೆ ತೇಲುವ ಕೆನೆಯುಪ್ಪನ್ನು ಹಲಗೆ ತಾಗಿಸದೆ ಅಂಗೈಯಲ್ಲೇ ಎತ್ತಿ ಎತ್ತಿ ಒಂದು ಮಡಕೆ ತುಂಬಿಸಿದಳು. ಕೊನೆಯ ಒಂದು ಹಿಡಿಯನ್ನು ಮಾತ್ರ ಮಡಕೆಗೆ ಹಾಕದೆ ಮಗಳ ಸೆರಗಿನ ತುದಿಗೆ ಗಂಟು ಕಟ್ಟಿದಳು.

"ಮಡಕೆಯದು ಊರಿಗೆ. ಇದು ಬಾಗಿಲಿಗೆ. ಎಂತದೇ ಆಗಲಿ, ಈ ಗಂಟು ಬಿಚ್ಚಬೇಡ ಕೂಸೇ."

ಓದಿನ ಊರು ಗೋಡೆಯೊಳಗಿನ ಊರು. ಅದಕ್ಕೆ ಇದ್ದದ್ದು ಒಂದೇ ಬಾಗಿಲು, ಬಾಗಿಲಿಗೆ ಒಬ್ಬನೇ ಮುದುಕ. ಓದಲು ಬಂದವರೆಲ್ಲ ತಮ್ಮ ತಮ್ಮ ಮನೆಯ ಉಪ್ಪನ್ನು ತರಬೇಕು. ಬೆಟ್ಟದ ಕಡೆಯವರು ಬಂಡೆಯುಪ್ಪು ತರುತ್ತಿದ್ದರು, ಬಯಲಿನವರು ಸವಳು ಮಣ್ಣು ಸೋಸಿ ಕಾಯಿಸಿದ ಉಪ್ಪು ತರುತ್ತಿದ್ದರು, ಕಡಲ ಕಡೆಯವರು ಆಗರದ ಉಪ್ಪು ತರುತ್ತಿದ್ದರು. ಮುದುಕ ಪ್ರತಿಯೊಬ್ಬರಿಂದ ಒಂದು ಚಿಟಿಕೆ ತೆಗೆದು ನಾಲಿಗೆಗೆ ಇಟ್ಟುಕೊಳ್ಳುತ್ತಿದ್ದ. ಒಮ್ಮೆ ಇಟ್ಟುಕೊಂಡದ್ದನ್ನು ಅವನ ನಾಲಿಗೆ ಮರೆಯುತ್ತಿರಲಿಲ್ಲ.

ಆ ಊರಿನಲ್ಲಿ ಅನ್ನಕ್ಕೆ, ಎಣ್ಣೆಗೆ, ಮಲಗುವ ಚಾಪೆಗೆ, ಪುಸ್ತಕಕ್ಕೆ, ಏನಕ್ಕಾದರೂ ಮನೆಯಿಂದ ತಂದ ಉಪ್ಪನ್ನೇ ಕೊಡಬೇಕು. ಬೇರೆ ಏನೂ ನಡೆಯುವುದಿಲ್ಲ. ಉಣ್ಣುವ ಅನ್ನಕ್ಕೂ ಅದೇ ಉಪ್ಪು. ಬೇರೆಯವರ ಮನೆಯ ಉಪ್ಪು ಹಾಕಿಕೊಂಡರೆ ನಾಲಿಗೆಗೆ ರುಚಿ ತಿಳಿಯುವುದೇ ಇಲ್ಲ. ಓದು ಮುಗಿಸಿ ಹೊರಡುವ ದಿನ ಅದೇ ಮನೆಯ ಉಪ್ಪು ಒಂದು ಹಿಡಿ ಉಳಿದಿರಬೇಕು. ಅದನ್ನು ಮುದುಕನಿಗೆ ತೋರಿಸಿದರೆ ದಾರಿ ಮನೆಗೆ ಹೋಗುತ್ತದೆ. ಇಲ್ಲದವರನ್ನು ಯಾರೂ ತಡೆಯುವುದಿಲ್ಲ. ಅವರು ಬಾಗಿಲು ದಾಟಬಹುದು, ಹಗಲೆಲ್ಲ ನಡೆಯಬಹುದು. ಸಂಜೆಯ ಹೊತ್ತಿಗೆ ದಾರಿ ತಿರುಗಿ ಅದೇ ಬಾಗಿಲಿಗೆ ತಂದು ನಿಲ್ಲಿಸುತ್ತದೆ.

ಮುದುಕ ಅವಳ ಚಿಟಿಕೆಯನ್ನು ನಾಲಿಗೆಗೆ ಇಟ್ಟುಕೊಂಡು ಕಣ್ಣು ಮುಚ್ಚಿದ. "ಹೆಂಗಸಿನ ಕೈ. ಹಲಗೆ ತಾಗಿಲ್ಲ. ಎಡಗೈಯ ಒಂದು ಬೆರಳು ಸೊಟ್ಟ" ಅಂದ. ಅಮ್ಮನ ಬೆರಳು ಸೊಟ್ಟಗಿದ್ದುದು ಹೌದು.

ಬಾಗಿಲ ಒಳಗೆ ಬರುತ್ತಲೇ ಒಂದು ಕೊಳ. ಕೊಳದ ನಡುವೆ ಕರಗಿಸುವ ದೇವರ ಗುಡಿ. ನೀರಿನ ಅಂಚಿನ ಮೆಟ್ಟಿಲಿನ ಮೇಲೆ ಬಿಳಿಯ ಗೆರೆ ಕಟ್ಟಿತ್ತು. ಉಳಿದವರೆಲ್ಲ ಗುಡಿಗೆ ಕೈಮುಗಿದರು. ಆಗರದ ಹುಡುಗಿ ಆ ಗೆರೆಯನ್ನು ನೋಡಿದಳು, ನೋಡಿ ಮನಸ್ಸಿನಲ್ಲಿ ಇಟ್ಟುಕೊಂಡಳು.

ಮೊದಲ ತಿಂಗಳುಗಳಲ್ಲಿ ಅವಳಷ್ಟು ಕೈ ಬಿಗಿ ಹಿಡಿದವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಬೇಕಾದದ್ದಕ್ಕೆ ಚಿಟಿಕೆ, ಬೇಡದ್ದಕ್ಕೆ ಬೆನ್ನು. ಆ ಊರಿನಲ್ಲಿ ಪ್ರತಿ ಅಮಾವಾಸ್ಯೆಗೂ ಒಂದು ಬಣ್ಣ ಹುಟ್ಟುತ್ತಿತ್ತು. ಯಾರು ಹುಟ್ಟಿಸುತ್ತಿದ್ದರೋ ಯಾರಿಗೂ ಗೊತ್ತಿಲ್ಲ. ಬೆಳಗಾಗುವಾಗ ಎಲ್ಲರ ಹೆಗಲ ಮೇಲೆ ಆ ಬಣ್ಣದ ಶಲ್ಯ ಇರುತ್ತಿತ್ತು. ಶಲ್ಯ ಇದ್ದವರು ಊಟದ ಮನೆಯಲ್ಲಿ ಸಾಲಿನ ನಡುವೆ ಕೂರುತ್ತಿದ್ದರು, ಇಲ್ಲದವರು ಹೊಸ್ತಿಲ ಬಳಿ, ಚಪ್ಪಲಿಗಳ ಪಕ್ಕ. ಅವಳು ಹೊಸ್ತಿಲ ಬಳಿ ಕೂತು ಬೆನ್ನು ನೆಟ್ಟಗೆ ಮಾಡಿಕೊಂಡು ಉಂಡಳು. ಅವಳಿಗೆ ಅದರಿಂದ ಏನೂ ಆಗಲಿಲ್ಲ. ಅವಳನ್ನು ಕೆಡವಿದ್ದು ಶಲ್ಯದ ಆಸೆಯಲ್ಲ.

ಒಂದು ದಿನ ಬಂಡೆಯುಪ್ಪಿನ ಹುಡುಗಿ ತನ್ನ ಎಲೆ ಎತ್ತಿಕೊಂಡು ಬಂದು ಅವಳ ಪಕ್ಕದಲ್ಲಿ, ಚಪ್ಪಲಿಗಳ ನಡುವೆ, ಧೊಪ್ಪನೆ ಕೂತಳು. ಬೆಟ್ಟದ ಕಡೆಯವಳು, ದೊಡ್ಡ ಬಾಯಿ, ದೊಡ್ಡ ನಗು.

"ಏನೇ, ಚಪ್ಪಲಿ ಕಾಯೋ ಕೆಲಸ ಸಿಕ್ಕಿದೆಯಾ ನಿನಗೆ?"

"ನಿನ್ನದು ಕಳೆದಿದ್ರೆ ಹೇಳು, ಹುಡುಕಿ ಕೊಡ್ತೆ."

ಬಂಡೆಯುಪ್ಪಿನ ಹುಡುಗಿ ನಕ್ಕು ನಕ್ಕು ಕೆಮ್ಮಿದಳು. ಮುಂದಿನ ಅಮಾವಾಸ್ಯೆ ಕಳೆದ ಬೆಳಿಗ್ಗೆ ಒಂದು ಶಲ್ಯ ತಂದು ಅವಳ ಮಡಿಲಿಗೆ ಎಸೆದಳು.

"ಬೇಡ."

"ತಗೊಳೇ. ವಾಪಸ್ ಕೊಡಬೇಕು ಅಂತ ಇಲ್ಲ."

ವಾಪಸ್ ಕೊಡಬೇಕು ಅಂತ ಇಲ್ಲ ಎಂಬ ಆ ಮಾತು ಒಡೆಯನ ನಗುವಿನ ಹಾಗೆ ಅವಳ ಎದೆಗೆ ನಾಟಿತು. ಯಾರ ಹಂಗೂ ಇಲ್ಲದೆ ಅಕ್ಷರ ಕಲಿತವಳು ಅವಳು. ಮರುದಿನವೇ ಒಂದು ಹಿಡಿ ಉಪ್ಪು ಕೊಟ್ಟು ಅದಕ್ಕಿಂತ ಒಳ್ಳೆಯ ಶಲ್ಯ ತಂದು ಬಂಡೆಯುಪ್ಪಿನ ಹುಡುಗಿಗೆ ಹೊದಿಸಿದಳು. ಅವಳು ಇವಳನ್ನು ಸಾಲಿನ ನಡುವೆ ತನ್ನ ಪಕ್ಕ ಕೂರಿಸಿಕೊಂಡಳು. ಸಾಲಿನಲ್ಲಿ ಕೂತ ಮೇಲೆ ಸಾಲಿನ ಊಟ. ಇವತ್ತು ಒಬ್ಬರು ಸಾಲಿಗೆಲ್ಲ ಸಿಹಿ ಬಡಿಸಿದರೆ ನಾಳೆ ಪಕ್ಕದವರು ಬಡಿಸಬೇಕು. ಬಡಿಸದವರನ್ನು ಯಾರೂ ಏನೂ ಅನ್ನುವುದಿಲ್ಲ, ಅವರ ಎಲೆಗೆ ಮೊದಲಿಗಿಂತ ಹೆಚ್ಚೇ ಬಡಿಸುತ್ತಾರೆ. ಆ ಹೆಚ್ಚು ಬಡಿಸಿದ್ದನ್ನು ಅವಳಿಂದ ಉಣ್ಣಲು ಆಗುತ್ತಿರಲಿಲ್ಲ. ಅವಳ ಸರದಿ ಬಂದಾಗ ಉಳಿದವರಿಗಿಂತ ಒಂದು ಸಿಹಿ ಹೆಚ್ಚಿಗೆ ಬಡಿಸಿದಳು. ಜಂಬದವರ ಮಡಕೆ ಆಸೆಬುರುಕರ ಮಡಕೆಗಿಂತ ಬೇಗ ಬರಿದಾಗುತ್ತದೆ ಎಂದು ಅವಳಿಗೆ ತಿಳಿದದ್ದು ಮಡಕೆಯ ಅಡಿಗೆ ಕೈ ತಾಗಿದ ಮೇಲೆ.

ಉಪ್ಪು ಕಮ್ಮಿಯಾದಂತೆ ಅನ್ನಕ್ಕೆ ಹಾಕಿಕೊಳ್ಳುವುದು ಕಮ್ಮಿಯಾಯಿತು. ಅನ್ನಕ್ಕೆ ಹಾಕಿಕೊಳ್ಳುವುದು ಕಮ್ಮಿಯಾದಂತೆ ನಾಲಿಗೆ ಸಪ್ಪೆಯಾಯಿತು, ನಾಲಿಗೆ ಸಪ್ಪೆಯಾದಂತೆ ಸಂಜೆಗಳು ಉದ್ದವಾದವು. ಉದ್ದ ಸಂಜೆಯ ಬೀದಿಯಲ್ಲಿ ಒಬ್ಬ ಮಣ್ಣಿನ ಪೀಪಿ ಮಾರುತ್ತಿದ್ದ. ಒಂದು ಪೀಪಿಯನ್ನು ಒಂದೇ ಸಲ ಊದಬಹುದು. ಊದಿದಾಗ ನಿಮ್ಮ ಮನೆಯ ಯಾವುದೋ ಒಂದು ಸದ್ದು ಕೇಳಿಸುತ್ತದೆ, ಆಮೇಲೆ ಪೀಪಿ ಪುಡಿಯಾಗುತ್ತದೆ. ಬಯಲಿನ ಹುಡುಗನೊಬ್ಬ ಊದಿದರೆ ಅವನ ಎತ್ತಿನ ಕೊರಳ ಗಂಟೆ. ಬಂಡೆಯುಪ್ಪಿನ ಹುಡುಗಿ ಊದಿದರೆ ಅವಳಜ್ಜಿ ಬೈಯುವುದು. ಅದನ್ನು ಕೇಳಿ ಅವಳು ಹೊಟ್ಟೆ ಹಿಡಿದು ನಗುತ್ತಿದ್ದಳು, ನಕ್ಕು ಮುಗಿದ ಮೇಲೆ ಮುಖ ಆಚೆ ತಿರುಗಿಸುತ್ತಿದ್ದಳು. ಆಗರದ ಹುಡುಗಿ ಊದಿದಾಗ ಒದ್ದೆ ಉಪ್ಪಿನ ಮೇಲೆ ಹಲಗೆ ಎಳೆಯುವ ಸದ್ದು. ಸರ್, ಸರ್, ಸರ್. ಮೂರೇ ಸಲ.

ಪೀಪಿ ಪುಡಿಯಾದ ಮೇಲೆ ಉಳಿಯುತ್ತಿದ್ದ ಮೌನ ಊದುವ ಮುಂಚಿನ ಮೌನಕ್ಕಿಂತ ದೊಡ್ಡದು. ಅದನ್ನು ತುಂಬಲು ಇನ್ನೊಂದು ಪೀಪಿ. ಒಂದು ಪೀಪಿಗೆ ಅರ್ಧ ಹಿಡಿ. ಅಮ್ಮ ಎಳೆದ ಉಪ್ಪನ್ನು ಕೊಟ್ಟು ಅಮ್ಮ ಉಪ್ಪು ಎಳೆಯುವ ಸದ್ದನ್ನು ಕೊಳ್ಳುತ್ತಿದ್ದೇನೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕೊಂಡಳು.

ಅವನ ಬುಟ್ಟಿ ಖಾಲಿಯಾಗಿದ್ದ ಒಂದು ಸಂಜೆ ಕೇಳಿದಳು, "ನೀನೇ ಒಂದು ಊದಿಕೊಳ್ಳೋದಿಲ್ವಾ?"

ಪೀಪಿಯವನು ಬುಟ್ಟಿಯ ಧೂಳು ಕೊಡವಿದ. "ನಾನೂ ಒಂದು ಕಾಲಕ್ಕೆ ಬಾಗಿಲಲ್ಲಿ ಚಿಟಿಕೆ ಕೊಟ್ಟು ಬಂದವನೇ ತಾಯಿ. ಈ ಬೀದಿಯಲ್ಲಿ ಮಾರೋರೆಲ್ಲ ಓದೋಕೆ ಬಂದೋರೇ. ಶಲ್ಯ ಮಾರೋನು ನನಗಿಂತ ಎರಡು ವರ್ಷ ಹಿಂದಿನವನು. ನಾನು ಊದಿದರೆ ಗಾಳಿ ಬರುತ್ತೆ, ಅಷ್ಟೇ."

ಅವಳು ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೋಣೆಗೆ ನಡೆದಳು. ಅವತ್ತಿನಿಂದ ಮಲಗುವಾಗ ಅದನ್ನು ಕೆನ್ನೆಯ ಅಡಿಗೆ ಇಟ್ಟುಕೊಂಡಳು.

ವರ್ಷಕ್ಕೊಮ್ಮೆ ಅಂಬಿಗ ಬರುತ್ತಿದ್ದ. ಬಾಗಿಲ ಒಳಗೆ ಬರುವಂತಿಲ್ಲ, ಹೊರಗಿನಿಂದಲೇ ಮಡಕೆ ಕೊಡಬೇಕು. ಮೊದಲ ವರ್ಷ ತುಂಬಿದ ಮಡಕೆ ತಂದ. ಎರಡನೆಯ ವರ್ಷ ಅರ್ಧ ಮಡಕೆ ತಂದು, "ನಿನ್ನಮ್ಮ ಇನ್ನೆರಡು ಗದ್ದೆ ಹಿಡಿದಿದೆ. ಒಬ್ಬಳೇ ಎಳೀತದೆ. ಕಾಲು ಪೂರ್ತಿ ಒಡೆದು ಹೋಗಿದೆ. ಆದ್ರೆ ಕೂಸು ಓದ್ತದೆ, ಓದ್ತದೆ ಅಂತ ಬದುವಿಗೆಲ್ಲ ಕೇಳೋ ಹಾಗೆ ಹೇಳ್ತಾ ತಿರುಗ್ತದೆ" ಅಂದ. ಆ ಅರ್ಧ ಮಡಕೆಯೂ ಸಾಲಿನ ಊಟಕ್ಕೂ ಪೀಪಿಗೂ ಹೋಯಿತು. ಮೂರನೆಯ ವರ್ಷ ಅವನು ಬರಿಗೈಯಲ್ಲಿ ಬಂದ.

"ಮಲಗಿಬಿಟ್ಟಿದೆ. ಹಲಗೆ ಎತ್ತಲಿಕ್ಕೆ ಆಗೂದಿಲ್ಲ. ಕೂಸು ಒಂದ್ಸಲ ಬಂದು ಹೋಗಲಿ ಅಂತದೆ."

"ಈಗಲೇ?"

"ಈಗಲೇ ಆದ್ರೆ ಈಗಲೇ. ದೋಣಿ ಇಲ್ಲೇ ಅದೆ."

ಮಡಕೆ ಬರಿದಾಗಿತ್ತು. ಆದರೆ ಗಂಟು ಇತ್ತು. ಗಂಟು ತೋರಿಸಿ ಆ ಗಳಿಗೆಯಲ್ಲೇ ಹೊರಡಬಹುದಿತ್ತು. ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು. ಒಂಬತ್ತು ದಿನ ಮುಂಚೆ ಬರಿಗೈಯಲ್ಲಿ ಹೋಗಿ ಬದುವಿನ ಮೇಲೆ ನಿಂತರೆ ಒಡೆಯ ಏನನ್ನುತ್ತಾನೆ ಎಂದು ಅವಳಿಗೆ ಗೊತ್ತಿತ್ತು, ಅವನ ಕೊಡೆ ಯಾವ ಕಡೆಗೆ ವಾಲುತ್ತದೆ ಎಂಬುದೂ ಗೊತ್ತಿತ್ತು.

"ಹತ್ತನೇ ದಿನ ಬರ್ತೆ ಅಂತ ಹೇಳು. ಪದವಿಯ ಓಲೆ ತಗೊಂಡೇ ಬರ್ತೆ ಅಂತ ಹೇಳು."

ಅಂಬಿಗ ಅವಳ ಮುಖ ನೋಡಿದ. ದೋಣಿಯ ಕಡೆ ನಡೆದ.

ಪರೀಕ್ಷೆಯ ಹಿಂದಿನ ದಿನ ಕರಗಿಸುವ ದೇವರಿಗೆ ಉಪ್ಪು ಸುರಿಯುವ ದಿನ. ಉಪ್ಪು ನೀರಲ್ಲಿ ಕರಗಿದ ಹಾಗೆ ಭಯ ಕರಗುತ್ತದೆ, ಮರೆವು ಕರಗುತ್ತದೆ, ಅಡ್ಡಿ ಕರಗುತ್ತದೆ ಎಂದು ನಂಬಿಕೆ. ಬೆಳಗಿನಿಂದಲೇ ಮೆಟ್ಟಿಲುಗಳ ಮೇಲೆ ಸಾಲು ಹತ್ತಿತು. ಮಡಕೆ ತಂದವರು ಮಡಕೆ ಸುರಿದರು, ಹಿಡಿ ತಂದವರು ಹಿಡಿ ಸುರಿದರು. ಕರಗಲಿ, ಕರಗಲಿ, ಕರಗಲಿ ಎಂದು ಮುನ್ನೂರು ಕಂಠ. ಪೂಜಾರಿ ಮೆಟ್ಟಿಲ ಮೇಲೆ ನಿಂತು ಪ್ರತಿಯೊಬ್ಬರ ತಲೆಗೂ ನೀರು ಚಿಮುಕಿಸುತ್ತಿದ್ದ. ಹಿಂದಿನ ವರ್ಷಗಳಲ್ಲಿ ಈ ದಿನ ಅವಳು ಕೋಣೆಯಲ್ಲೇ ಉಳಿದಿದ್ದಳು. ಈ ಸಲ ಕಾಲು ತಾನಾಗಿ ಬಂತು. ಅಮ್ಮ ಮಲಗಿದ ಸುದ್ದಿ ಬಂದ ಮೇಲೆ ಓದಿದ ಒಂದು ಸಾಲೂ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಪುಟ ತೆರೆದರೆ ಬಿಳಿ ಕಾಣಿಸುತ್ತಿತ್ತು, ಬಿಸಿಲಿನ ಗದ್ದೆಯ ಹಾಗೆ.

"ನಾನು ಸುರಿದೆ ಕಣೇ" ಎಂದಳು ಬಂಡೆಯುಪ್ಪಿನ ಹುಡುಗಿ. ಅವತ್ತು ಅವಳ ಬಾಯಲ್ಲಿ ನಗು ಇರಲಿಲ್ಲ. "ಎರಡು ಹಿಡಿ ಇತ್ತು. ಒಂದು ಸುರಿದೆ, ಒಂದು ಇಟ್ಕೊಂಡೆ. ನೀನು?"

"ನನ್ನ ಹತ್ರ ಇರೋದು ಒಂದೇ."

"ಹಾಗಾದ್ರೆ ಬೇಡ ಬಿಡು."

ಪೂಜಾರಿಗೆ ಕೇಳಿಸಿತು. "ಮಿಕ್ಕಿದ್ದನ್ನು ಕೊಡೋದು ಹರಕೆ ಅಲ್ಲ ಮಗಳೇ. ಬೇಕಾದದ್ದನ್ನು ಕೊಡೋದು ಹರಕೆ. ಬೇಡ ಅನ್ನಿಸಿದರೆ ಹೋಗು, ದೇವರು ಯಾರನ್ನೂ ಬಲವಂತ ಮಾಡೋದಿಲ್ಲ."

ಅವಳು ಹೋಗಲಿಲ್ಲ. ಮೆಟ್ಟಿಲ ಅಂಚಿನ ಬಿಳಿ ಗೆರೆಯನ್ನು ನೋಡಿದಳು. ಆಗ ಅವಳ ತಲೆಯಲ್ಲಿ ಒಂದು ವಿಚಾರ ಹುಟ್ಟಿತು. ಅದು ಬೆಟ್ಟದವರಿಗೆ ಹುಟ್ಟುವ ವಿಚಾರವಲ್ಲ, ಬಯಲಿನವರಿಗೂ ಅಲ್ಲ. ಆಗರದಲ್ಲಿ ಹುಟ್ಟಿದವರಿಗೆ ಮಾತ್ರ ಹುಟ್ಟುವಂಥದ್ದು. ನೀರಿಗೆ ಹೋದ ಉಪ್ಪು ಎಲ್ಲಿಗೆ ಹೋಗುತ್ತದೆ? ಎಲ್ಲಿಗೂ ಹೋಗುವುದಿಲ್ಲ. ಬಿಸಿಲಿಗೆ ಇಟ್ಟರೆ ಬರುತ್ತದೆ. ಇವರೆಲ್ಲ ಕಳೆದುಕೊಂಡೆವು ಅಂದುಕೊಂಡು ಸುರಿಯುತ್ತಿದ್ದಾರೆ, ನಾನು ಇಟ್ಟುಬಂದೆ ಅಂದುಕೊಂಡು ಸುರಿಯುತ್ತೇನೆ. ದೇವರಿಗೂ ಆಯಿತು, ಬಾಗಿಲಿಗೂ ಆಯಿತು. ಇಡೀ ಊರಿನಲ್ಲಿ ಈ ವಿದ್ಯೆ ಬಲ್ಲವಳು ನಾನೊಬ್ಬಳೇ.

ಆ ಗಳಿಗೆಯಲ್ಲಿ ಅವಳಿಗೆ ನಗುವೇ ಬಂತು. ಸೆರಗಿನ ಗಂಟು ಮೂರು ವರ್ಷದಲ್ಲಿ ಕಲ್ಲಾಗಿತ್ತು. ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಅಮ್ಮನ ಹಿಡಿ ನೀರಿಗೆ ಬಿತ್ತು. ಸದ್ದಾಗಲಿಲ್ಲ.

ಪರೀಕ್ಷೆಯಲ್ಲಿ ಅವಳ ಕೈ ನಿಲ್ಲಲಿಲ್ಲ. ಬರೆದಳು, ಬರೆದಳು, ಎಲ್ಲರಿಗಿಂತ ಮೊದಲು ಎದ್ದಳು. ಓಲೆಯ ಮೇಲೆ ಅವಳ ಹೆಸರಿಗೆ ಕೆಂಪು ಮುದ್ರೆ ಬಿತ್ತು. ಹತ್ತನೆಯ ದಿನದ ಬೆಳಿಗ್ಗೆ ಕೊಳದ ನೀರನ್ನು ಅಗಲ ತಟ್ಟೆಯಲ್ಲಿ ತುಂಬಿ ಬಂಡೆಯ ಮೇಲೆ ಬಿಸಿಲಿಗಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಉಪ್ಪು ಬಂತು, ಅವಳು ಅಂದುಕೊಂಡ ಹಾಗೇ ಬಂತು. ಬೆಳ್ಳಗೆ, ಒಂದು ಹಿಡಿ ತುಂಬ. ಓಲೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಿಗೆ ಓಡಿದಳು.

ಮುದುಕ ಒಂದು ಹರಳು ನಾಲಿಗೆಗೆ ಇಟ್ಟುಕೊಂಡ. ಬಹಳ ಹೊತ್ತು ಕಣ್ಣು ಮುಚ್ಚಿದ.

"ಇದರಲ್ಲಿ ಮುನ್ನೂರು ಮನೆ ಇದೆ" ಅಂದ. "ಎತ್ತಿನ ಹಟ್ಟಿ ಇದೆ, ಬಂಡೆ ಒಡೆಯೋ ಗಂಡಸು ಇದಾನೆ, ಬಾಣಂತಿ ಕಾಯಿಸಿದ ಸವಳು ಇದೆ. ನಿನ್ನ ಮನೆ ಯಾವುದು?"

"ನನ್ನದೂ ಇದೆ. ಕೆನೆಯುಪ್ಪು. ಸೊಟ್ಟ ಬೆರಳು."

"ಇದೆ."

"ಇದ್ದ ಮೇಲೆ?"

"ಇದ್ದರೆ ಸಾಲದಮ್ಮಾ."

ಅವಳು ಬಾಗಿಲು ದಾಟಿದಳು. ಯಾರೂ ತಡೆಯಲಿಲ್ಲ. ಕಡಲ ಗಾಳಿ ಬಂದ ಕಡೆಗೆ ನಡೆದಳು, ಓಡಿದಳು, ಬಿದ್ದಳು, ಮತ್ತೆ ನಡೆದಳು. ಸಂಜೆಯ ಹೊತ್ತಿಗೆ ದೂರದಲ್ಲಿ ಒಂದು ಬಾಗಿಲು ಕಂಡಿತು. ಅಮ್ಮಾ ಎಂದು ಕೂಗಿದಳು. ಹತ್ತಿರ ಹೋದಾಗ ಬಾಗಿಲ ಪಕ್ಕ ಮುದುಕ ಕೂತಿದ್ದ.

ಬಂಡೆಯುಪ್ಪಿನ ಹುಡುಗಿ ತನ್ನ ಒಂದು ಹಿಡಿಯನ್ನು ತೋರಿಸಿ ಅದೇ ವಾರ ಹೊರಟಳು. ಹೊರಡುವಾಗ ಅವಳನ್ನು ಅಪ್ಪಿಕೊಂಡು ಅತ್ತಳು. "ನನ್ನದರಲ್ಲಿ ಅರ್ಧ ಕೊಡ್ಲಾ? ನಿನ್ನನ್ನು ಬಿಟ್ಟು ಹೋಗೋಕೆ ಕಾಲೇ ಬರ್ತಿಲ್ಲ ಕಣೇ." ಅರ್ಧದಿಂದ ಯಾರೂ ದಾಟುವಂತಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. "ಹೋಗು" ಎಂದಳು ಆಗರದ ಹುಡುಗಿ. "ಚಪ್ಪಲಿ ಮರೀಬೇಡ."

ಸೋತೆ ಎನ್ನುವ ಜಾತಿಯಲ್ಲ ಅವಳು. ಆಗರದಲ್ಲಿ ಒಂದೇ ನೀರಿನಿಂದ ಮೊದಲು ಬೀಳುವ ಉಪ್ಪು ಬೇರೆ, ಕೊನೆಗೆ ಬೀಳುವ ಕಹಿಯುಪ್ಪು ಬೇರೆ. ಹಾಗಿದ್ದ ಮೇಲೆ ಮುನ್ನೂರು ಮನೆಯ ಉಪ್ಪಿನಲ್ಲಿ ತನ್ನ ಮನೆಯದು ಬೀಳುವ ಗಳಿಗೆಯೊಂದು ಇರಲೇಬೇಕು. ಅದನ್ನು ಹಿಡಿಯಬೇಕು, ಅಷ್ಟೇ. ಕೊಳದ ದಂಡೆಯಲ್ಲಿ ಕೈಯಿಂದಲೇ ಮಣ್ಣು ಮೆತ್ತಿ ಒಂದು ಗದ್ದೆ ಕಟ್ಟಿದಳು.

ಪೂಜಾರಿ ಓಡಿ ಬಂದ. "ದೇವರದ್ದನ್ನು ತೆಗೀತೀಯಾ?"

"ನೀರು ದೇವರು ಇಟ್ಕೊಳ್ಳಲಿ. ಉಪ್ಪು ನನ್ನದು."

ಅವನು ಜಗಳಕ್ಕೆ ನಿಲ್ಲಲಿಲ್ಲ. ನಿಲ್ಲದಿದ್ದುದಕ್ಕೆ ಕಾರಣ ಇತ್ತು. ಆ ವರ್ಷದ ಕೊಳ ಕುಡಿದು ಕುಡಿದು ತುಂಬಿಹೋಗಿತ್ತು. ಕೊನೆಯಲ್ಲಿ ಸುರಿದವರ ಉಪ್ಪು ಕರಗದೆ ಮೆಟ್ಟಿಲ ಮೇಲೆ ಹಾಗೇ ಕೂತಿತ್ತು. ದೇವರಿಗೆ ಬೇಡವಾಯಿತೇ ಎಂದು ಊರೆಲ್ಲ ಪಿಸುಗುಟ್ಟುತ್ತಿತ್ತು. ಉಪ್ಪು ತೆಗೆದರೆ ಮಾತ್ರ ನೀರಿಗೆ ಮತ್ತೆ ಹಸಿವಾಗುತ್ತದೆ ಎಂದು ಅವಳು ಹೇಳಿದಾಗ ಪೂಜಾರಿ ಗುಡಿಯ ಹಿಂದಿನ ಜಾಗವನ್ನೂ ಬಿಟ್ಟುಕೊಟ್ಟ.

ದಿನವೂ ಬೆಳಿಗ್ಗೆ ನೀರು ಕಟ್ಟಿದಳು, ದಿನವೂ ಮಧ್ಯಾಹ್ನ ಉಪ್ಪು ಎಳೆದಳು, ದಿನವೂ ಸಂಜೆ ಒಂದು ಹಿಡಿ ಹಿಡಿದುಕೊಂಡು ಬಾಗಿಲಿಗೆ ನಡೆದಳು. ಮುದುಕ ನಾಲಿಗೆಗೆ ಇಟ್ಟುಕೊಂಡು ತಲೆಯಾಡಿಸಿದ. ಬಂಡೆಯದು ಹೆಚ್ಚು, ಅಂದ. ಸವಳು ಹೆಚ್ಚು, ಅಂದ. ನಿನ್ನದು ಎರಡು ಹರಳು, ಅಂದ. ತಾನು ಸುರಿದ ಮೆಟ್ಟಿಲ ಬುಡದ ನೀರು ತಂದು ನೋಡಿದಳು. ತಳದ ನೀರು ತಂದು ನೋಡಿದಳು. ಗಾಳಿ ಏಳುವ ಮುಂಚೆ ಅಂಗೈಯಲ್ಲಿ ಎತ್ತಿ ನೋಡಿದಳು. ಅಂಗೈ ಒಡೆಯಿತು, ಕಾಲು ಮೊದಲಿನ ಹಾಗೆ ಒಡೆಯಿತು. ಇಂದು ಅಲ್ಲ, ಅಂದ ಮುದುಕ. ಇಂದೂ ಅಲ್ಲ.

ಬಾಗಿಲಿಗೆ ಬೇಡವಾದ ಉಪ್ಪು ಗದ್ದೆಯ ಪಕ್ಕ ರಾಶಿ ಬಿತ್ತು. ಬೀದಿಯವರು ಬಂದು ನೋಡಿದರು. ಎಲ್ಲ ಮನೆಯೂ ಇರುವ ಉಪ್ಪು ಯಾರ ಅಂಗಡಿಯಲ್ಲೂ ನಡೆಯುತ್ತದೆ ಎಂದು ಮೊದಲು ಕಂಡುಕೊಂಡವನು ಶಲ್ಯದವನು. ಆಮೇಲೆ ಮಡಕೆ ಬರಿದಾದ ಹುಡುಗರು ಬಂದರು, ಹುಡುಗಿಯರು ಬಂದರು. "ಅಕ್ಕಾ, ಒಂದು ಹಿಡಿ. ನಾಳೆ ಸಾಲಿನ ಊಟ ನಂದು" ಎಂದರು. ಕೊಟ್ಟಳು. ಬದಲಿಗೆ ಮಣ್ಣು ಹೊರಿಸಿದಳು, ಬದು ಕಟ್ಟಿಸಿದಳು. ಒಂದು ಗದ್ದೆ ಮೂರಾಯಿತು, ಮೂರು ಆರಾಯಿತು. ಅವಳು ಬೆಳೆಯುತ್ತಿದ್ದಾಳೆ ಎಂದು ಊರು ಹೇಳಿತು. ಅವಳು ಹುಡುಕುತ್ತಿದ್ದಳು.

ನಾಲ್ಕನೆಯ ವರ್ಷ ಅಂಬಿಗ ಬಂದ. ಹೆಗಲ ಮೇಲೆ ಒಂದು ಹಲಗೆ. ಹಿಡಿಯ ಮರ ಅಮ್ಮನ ಕೈ ತಾಗಿ ತಾಗಿ ನುಣುಪಾಗಿತ್ತು. ಅವನು ಅದನ್ನು ಬಾಗಿಲ ಸಂದಿಯಿಂದ ಒಳಗೆ ತೂರಿಸಿದ. ಅವಳು ಎರಡೂ ಕೈಯಿಂದ ತಗೊಂಡಳು. ಅಮ್ಮ ಹೋದಳೇ ಎಂದು ಕೇಳಬೇಕಾಗಿರಲಿಲ್ಲ.

"ಯಾವಾಗ?"

"ನೀ ಹತ್ತನೇ ದಿನ ಬರ್ತೆ ಅಂದಿದ್ಯಲ್ಲ. ಹದಿಮೂರನೇ ದಿನದವರೆಗೆ ಕಾದಿತ್ತು. ಬಾಗಿಲು ಹಾಕಬೇಡಿ, ಕೂಸಿಗೆ ಕತ್ತಲಲ್ಲಿ ಅಗುಳಿ ಸಿಕ್ಕೂದಿಲ್ಲ ಅಂತು."

ಅವಳು ಬಾಗಿಲ ಮರಕ್ಕೆ ಹಣೆ ಒತ್ತಿ ನಿಂತಳು. ಆಮೇಲೆ ಅವಳ ಬಾಯಿಂದ ಬಂದ ಮಾತಿಗೆ ಅವಳೇ ನಾಚಿದಳು. ಆದರೂ ಕೇಳಿದಳು.

"ಮನೆಯ ಮಡಕೆಯಲ್ಲಿ… ಅಮ್ಮ ಎಳೆದ ಉಪ್ಪು… ಒಂದು ಹಿಡಿಯಾದರೂ?"

ಅಂಬಿಗ ಕಡಲಿನ ಕಡೆ ಮುಖ ಮಾಡಿದ. "ನೋಡಿದೆ ಮಗಾ. ಮೂಲೆಯಲ್ಲಿ ಬೋರಲು ಹಾಕಿತ್ತು. ಇದ್ದದ್ದೆಲ್ಲ ನಿನಗೇ ಕಳಿಸಿತ್ತಂತೆ. ಕೊನೇ ಎರಡು ವರ್ಷ ಗಂಜಿಗೂ ಉಪ್ಪು ಹಾಕ್ಕೊಳ್ಳಲಿಲ್ಲ ಅಂತ ಪಕ್ಕದ ಮನೆಯವಳು ಹೇಳಿತು. ಕೂಸಿಗೆ ಅಲ್ಲಿ ಬೇಕಾಗ್ತದೆ ಅಂತಿತ್ತಂತೆ."

ಹಲಗೆಯ ಅಂಚಿನಲ್ಲಿ ಒಂದು ಬಿರುಕಿತ್ತು. ಬಿರುಕಿನಲ್ಲಿ ಬಿಳಿಯದೊಂದು ಗೆರೆ. ಉಗುರು ತೂರಿಸಿ ಕೆರೆದಳು. ಎರಡು ಬೆರಳಿಗೆ ಸಿಕ್ಕುವಷ್ಟು ಬಂತು. ಮುದುಕನಿಗೆ ಚಾಚಿದಳು. ಅವನು ಒಂದು ಕಣವನ್ನು ನಾಲಿಗೆಗೆ ಇಟ್ಟುಕೊಂಡ. ಅವನ ಕಣ್ಣಲ್ಲಿ ನೀರು ಬಂದದ್ದನ್ನು ಆ ಊರಿನಲ್ಲಿ ಕಂಡವಳು ಅವಳೊಬ್ಬಳೇ.

"ಇದು ನಿನ್ನದೇ" ಅಂದ. "ಪೂರ್ತಿ ನಿನ್ನದೇ. ಆದರೆ ಚಿಟಿಕೆ, ತಾಯಿ."

ಉಳಿದದ್ದನ್ನು ಅವಳು ಮತ್ತೆ ಹಲಗೆಯ ಬಿರುಕಿಗೇ ತುಂಬಿದಳು. ಒಂದು ಕಣವೂ ನೆಲಕ್ಕೆ ಬೀಳದ ಹಾಗೆ, ಹತ್ತಿಯ ಬತ್ತಿ ಹೊಸೆಯುವವರ ಹಾಗೆ ನಿಧಾನಕ್ಕೆ ತುಂಬಿದಳು.

ಅವತ್ತಿನಿಂದ ಸಂಜೆ ಬಾಗಿಲಿಗೆ ಹೋಗುವುದನ್ನು ಬಿಟ್ಟಳು. ಗದ್ದೆ ಕಟ್ಟುವುದನ್ನು ಬಿಡಲಿಲ್ಲ. ಬೇರೆ ಏನು ಮಾಡಬೇಕೆಂದು ಅವಳ ಕೈಗಳಿಗೆ ಗೊತ್ತಿರಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಉಪ್ಪು ಸುರಿಯುವ ದಿನ, ಒಬ್ಬ ಹುಡುಗಿ ಕೊಳದ ಮೆಟ್ಟಿಲ ಮೇಲೆ ಕೂತು ಸೆರಗಿನ ಗಂಟನ್ನು ಹಲ್ಲಿನಿಂದ ಕಚ್ಚುತ್ತಿದ್ದಳು. ಒಡೆದ ಕಾಲು. ಕಡಲ ಕಡೆಯವಳು. ಆಗರದವಳು ಗದ್ದೆಯಿಂದ ಎದ್ದು ಬಂದು ಅವಳ ಕೈ ಹಿಡಿದಳು.

"ಬಿಚ್ಚಬೇಡ."

ಹುಡುಗಿ ತಲೆಯೆತ್ತಿದಳು. ಹೆದರಿಕೆಯ ಮುಖ. ಆ ಹೆದರಿಕೆಯ ಹಿಂದೆ ಒಂದು ಜಂಬದ ನಗು. "ನಾನು ಆಗರದವಳು ಅಕ್ಕಾ. ನೀರಿಗೆ ಹೋದದ್ದನ್ನು ತೆಗೆಯೋಕೆ ನನಗೆ ಬರ್ತದೆ."

"ಬರ್ತದೆ. ನಿನ್ನದು ಮಾತ್ರ ಬರೂದಿಲ್ಲ. ನಿನ್ನ ಕೈಲಿ ಆಗೂದಿಲ್ಲ ಕೂಸೇ."

ಹುಡುಗಿಯ ಮುಖ ಬಿಗಿಯಿತು. ಒಂದು ಕಾಲಕ್ಕೆ ಬದುವಿನ ಮೇಲೆ, ಕೊಡೆಯ ಎದುರು, ಆಗರದವಳ ಮುಖ ಬಿಗಿದದ್ದು ಹೀಗೇ.

"ಊರಲ್ಲೂ ಹೀಗೇ ಅಂದ್ರು" ಎಂದಳು ಹುಡುಗಿ. ಕೈ ಕೊಸರಿಕೊಂಡಳು. ಗಂಟು ಬಿಚ್ಚಿತು. ಹಿಡಿ ನೀರಿಗೆ ಬಿತ್ತು. ಸದ್ದಾಗಲಿಲ್ಲ.

ಆ ಉಪ್ಪು ನಾಲ್ಕನೆಯ ದಿನ ಹನ್ನೊಂದನೆಯ ಗದ್ದೆಯಲ್ಲಿ ಬಿದ್ದಿತು. ಯಾವ ಹರಳು ಎಂದು ಹೇಳಲು ಬರುವುದಿಲ್ಲ.

ಈಗ ಅವಳಿಗೆ ಹನ್ನೊಂದು ಗದ್ದೆ ಆಗರ ಇದೆ. ಗುಡಿಯ ಗೋಪುರಕ್ಕಿಂತ ಎತ್ತರದ ಉಪ್ಪಿನ ರಾಶಿ ಇದೆ. ಎರಡಂತಸ್ತಿನ ಮನೆ ಇದೆ, ಅದರಲ್ಲಿ ಒಂದು ಕೋಣೆಯ ತುಂಬ ಪುಸ್ತಕ ಇದೆ, ಎಲ್ಲವನ್ನೂ ಅವಳು ಓದಿದ್ದಾಳೆ. ಕೆಂಪು ಮುದ್ರೆಯ ಓಲೆ ಇದೆ. ಆ ಬೀದಿಯಲ್ಲಿ ಶಲ್ಯದವನಿಂದ ಪೂಜಾರಿಯವರೆಗೆ ಅವಳನ್ನು ಕಂಡು ಎದ್ದು ನಿಲ್ಲದವರು ಇಲ್ಲ. ಊಟದ ಕೋಣೆಯ ಗೋಡೆಗೆ ಒಂದು ಹಳೆಯ ಹಲಗೆ ನೇತುಹಾಕಿದೆ, ಬಿರುಕು ಗೋಡೆಯ ಕಡೆಗೆ. ಅದರ ಕೆಳಗೆ ಕೂತು ಅವಳು ದಿನಕ್ಕೊಮ್ಮೆ ಗಂಜಿ ಉಣ್ಣುತ್ತಾಳೆ, ಉಪ್ಪು ಹಾಕಿಕೊಳ್ಳದೆ. ಮನೆಯ ಬಾಗಿಲಿಗೆ ಅಗುಳಿ ಹಾಕಿಸಿಲ್ಲ.

ಇಷ್ಟೆಲ್ಲಕ್ಕೂ ಅವಳು ಕೊಟ್ಟದ್ದು ಒಂದು ಹಿಡಿ.